ಹೆಣ್ಣು, ಏಳು ವರ್ಷ, ಮಸ್ಕಿ ತಾಲೂಕು

ಮಸ್ಕಿ
8 ಜುಲೈ 2024

ರಾಜಶ್ರೀ,

ನಿನ್ನ ಅತ್ತೆ ಕಸ್ತೂರೆಮ್ಮ ಬರೆಯುತ್ತಿದ್ದೇನೆ. ನಾವೆಲ್ಲ ಆರಾಮಾಗಿದ್ದೇವೆ, ನೀನೂ ಆರಾಮಾಗಿದ್ದೀ ಎಂದುಕೊಂಡಿದ್ದೇನೆ. ಫೋನು ನನಗೆ ಆಗಿಬರುವುದಿಲ್ಲ. ಕಿವಿ ಕೈಕೊಟ್ಟಿದೆ. ನೀನು ಅಲ್ಲಿಂದ ಏನೋ ಹೇಳುತ್ತೀ, ನಾನು ಇಲ್ಲಿಂದ ಸುಮ್ಮನೆ ಹೂಂಗುಟ್ಟುತ್ತೇನೆ, ಸಂಗನಬಸವ ಪಕ್ಕದಲ್ಲಿ ನಿಂತು ನಗುತ್ತಾನೆ. ನನ್ನ ಮಗ ನನ್ನನ್ನು ನೋಡಿ ನಗುವುದಕ್ಕೆ ನಾನು ಫೋನು ಹಿಡಿಯಬೇಕೇ? ಅದಕ್ಕೇ ಈ ಕಾಗದ. ಏಳನೇ ಇಯತ್ತೆಯವರೆಗೆ ಕಲಿತ ಕೈ ಇದು. ಕಾಗದವನ್ನು ಪುಸ್ತಕದ ಭಾಷೆಯಲ್ಲೇ ಬರೆಯಬೇಕೆಂದು ನಮ್ಮ ಮಾಸ್ತರರು ಬೆರಳಿನ ಮೇಲೆ ಹೊಡೆದು ಕಲಿಸಿದ್ದರು. ತಪ್ಪಿದ್ದರೆ ತಿದ್ದಿಕೋ.

ಹೊಟ್ಟೆಯಲ್ಲಿ ಇಟ್ಟುಕೊಳ್ಳದೆ ಮೊದಲೇ ಹೇಳಿಬಿಡುತ್ತೇನೆ. ನೀನು ಪುಣೆಗೆ ಹೋದದ್ದು ನನಗೆ ಸರಿಬಂದಿಲ್ಲ. ಸಿಂಧನೂರಿನ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಚೆನ್ನಾಗಿಯೇ ಇದ್ದೆ. ಒಂದು ವರ್ಷದ ತರಬೇತಿ ಎಂದೆ, ನಿನ್ನ ಗಂಡ ಹೋಗಲಿ ಬಿಡು ಎಂದ. ಅವನಿಗೇನು, ಬೆಳಿಗ್ಗೆ ಎದ್ದು ಲಿಂಗಸುಗೂರಿನ ಬಸ್ಸು ಹಿಡಿದು ತನ್ನ ಕಾಲೇಜಿಗೆ ಹೋಗುತ್ತಾನೆ. ಭಾಗ್ಯಶ್ರೀ ಶಾಲೆಯಿಂದ ಬಂದ ಕೂಡಲೇ ನನ್ನ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು, "ಆಯಿ, ಅವ್ವ ಬರಾಕ ಇನ್ನಾ ಎಷ್ಟ ಐತಾರ ಅದಾವ?" ಎಂದು ಕೇಳುತ್ತಾಳೆ.

ಅಂಗಡಿಗೆ ಬಂದವರದು ಇನ್ನೊಂದು ಕಾಟ. "ನಿಮ್ ಸೊಸಿ ಅಲ್ಲಿ ಏನ್ ಮಾಡಾಕತ್ಯಾಳ್ರಿ?" ಎನ್ನುತ್ತಾರೆ. ನನಗೆ ಗೊತ್ತಿದ್ದರಲ್ಲವೇ ಹೇಳುವುದು. ನೆಗಡಿಯ ಮೇಲೆ ಓದುತ್ತಿದ್ದಾಳೆ ಎಂದೆ. ಪಕ್ಕದ ಮನೆಯ ಮೈಮುನಾಬಿ ಬಿದ್ದು ಬಿದ್ದು ನಕ್ಕಳು: "ನೆಗಡಿ ನೋಡಾಕ ಪುಣೆಗ್ಯಾಕ ಹೋಗ್ಬೇಕಕ್ಕ, ನಮ್ ಓಣಿಗೆ ಬಂದ್ರ ಆತಿತ್ತಲ್ಲ." ಅದಕ್ಕೆ ಒಂದು ಒಳ್ಳೆಯ ಉತ್ತರ ಬರೆದು ಕಳಿಸು. ನಾಲ್ಕು ಮಂದಿಗೆ ಹೇಳುವಂತಿರಲಿ.

ನಿನ್ನ ಅತ್ತೆ
ಕಸ್ತೂರೆಮ್ಮ


ಪುಣೆ
16 ಜುಲೈ 2024

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಊಟದ ಹೊತ್ತಿನಲ್ಲಿ ಓದಿದೆ. ಓದಿ ಮುಗಿಸುವಷ್ಟರಲ್ಲಿ ಚಪಾತಿ ಆರಿ ಹಪ್ಪಳವಾಗಿತ್ತು. ಸಿಟ್ಟನ್ನು ಬಾಯಿಬಿಟ್ಟು ಬರೆದದ್ದು ಒಳ್ಳೆಯದಾಯಿತು. ನೀವು ಸುಮ್ಮನಿದ್ದಾಗಲೇ ನನಗೆ ಭಯ.

ಮೈಮುನಾಬಿಯವರಿಗೆ ಹೀಗೆ ಹೇಳಿ. ನೆಗಡಿ ಬೇರೆ, ಇನ್‌ಫ್ಲುಯೆಂಜಾ ಬೇರೆ. ಇದು ಮೈಯೆಲ್ಲ ಕುಟ್ಟಿಹಾಕಿದಂತೆ ನೋಯಿಸುವ ಜ್ವರ. ಎಳೆ ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಎದೆಗಿಳಿದರೆ ಜೀವಕ್ಕೇ ಕುತ್ತು. ಇದಕ್ಕೆ ಔಷಧಿ ಇದೆ, ಆದರೆ ಬಹಳ ಇಲ್ಲ. ಹೆಚ್ಚಾಗಿ ಕೊಡುವುದು ಒಂದೇ ಕ್ಯಾಪ್ಸೂಲು. ನಿಮ್ಮ ಅಂಗಡಿಯಲ್ಲಿ ದಬರಿಗೆ ಸರಿಯಾದ ಮುಚ್ಚಳ ಕೂತ ಹಾಗೆ, ಆ ಔಷಧಿ ವೈರಸ್ಸಿನ ಮೈಮೇಲಿನ ಒಂದು ಜಾಗದಲ್ಲಿ ಹೋಗಿ ಕೂರುತ್ತದೆ. ಕೂತರೆ ವೈರಸ್ಸು ಒಂದು ಜೀವಕೋಶದಿಂದ ಬಿಡಿಸಿಕೊಂಡು ಇನ್ನೊಂದಕ್ಕೆ ಹೋಗಲಾರದು. ದಬರಿಯ ಬಾಯಿ ಒಂದೇ ಒಂದು ಕಡೆ ನೆಗ್ಗಿದರೂ ಮುಚ್ಚಳ ಕೂರುವುದಿಲ್ಲ, ಅಲ್ಲವೇ? ವೈರಸ್ಸೂ ಹಾಗೆ ಆಗಾಗ ಆಕಾರ ಬದಲಿಸುತ್ತದೆ. ಆಮೇಲೆ ಎಷ್ಟು ಕ್ಯಾಪ್ಸೂಲು ನುಂಗಿಸಿದರೂ ದಂಡ.

ಹಾಗೆ ಬದಲಾದದ್ದು ಎಲ್ಲಿ, ಯಾವಾಗ ಕಾಣಿಸಿತು ಎಂದು ಕಾಯುವುದೇ ಈ ಪ್ರಯೋಗಾಲಯದಲ್ಲಿ ನಮ್ಮ ಕೆಲಸ. ಊರೂರಿನ ಆಸ್ಪತ್ರೆಗಳಿಂದ ರೋಗಿಗಳ ಮೂಗು ಗಂಟಲಿನ ದ್ರವ ಐಸಿನ ಪೆಟ್ಟಿಗೆಯಲ್ಲಿ ಬರುತ್ತದೆ. ಸೀಸೆಯ ಮೇಲೆ ಹೆಸರಿರುವುದಿಲ್ಲ. ಒಂದು ನಂಬರು, ಗಂಡೋ ಹೆಣ್ಣೋ, ವಯಸ್ಸು, ತಾಲೂಕು, ಅಷ್ಟೇ. ಸಾವಿರದಲ್ಲಿ ಎಲ್ಲೋ ಒಂದೆರಡು ಬದಲಾಗಿರುತ್ತವೆ. ಉಳಿದದ್ದೆಲ್ಲ ಸರಿಯಾಗಿದೆ ಎಂದು ನೋಡುವುದಕ್ಕೇ ಸಂಬಳ ಕೊಡುತ್ತಾರೆ.

ಇಲ್ಲಿ ಎಲ್ಲ ಚೆನ್ನಾಗಿದೆ, ನನಗೇನೂ ತೊಂದರೆಯಿಲ್ಲ. ಭಾಗಿಗೆ ಭಾನುವಾರಗಳನ್ನು ಎಣಿಸಬೇಡ ಎನ್ನಿ. ಇಲ್ಲಿ ನಾನು ಎಣಿಸುತ್ತಿದ್ದೇನೆ, ಇಬ್ಬರು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ನಿಮ್ಮ ಸೊಸೆ
ರಾಜಶ್ರೀ


ಮಸ್ಕಿ
14 ಆಗಸ್ಟ್ 2024

ರಾಜಶ್ರೀ,

ದಬರಿ ಮುಚ್ಚಳದ ಮಾತನ್ನು ಓಣಿಯಲ್ಲೆಲ್ಲ ಹೇಳಿದೆ. ಈಗ ನಿನ್ನ ಬಗ್ಗೆ ಕೇಳುವವರಿಲ್ಲ. ಅರ್ಥವಾಯಿತೋ, ಮತ್ತೆ ಹೇಳಿಬಿಡುತ್ತೇನೆ ಎಂಬ ಭಯವೋ, ಶಿವನೇ ಬಲ್ಲ.

ಪಂಚಮಿ ಮುಗಿಯಿತು. ನೀನಿಲ್ಲದೆ ಉಂಡಿ ಕಟ್ಟಿದೆ. ನಿನ್ನ ಕೈಯ ಉಂಡಿ ಒಡೆದು ಹೋಗುತ್ತದೆ ಎಂದು ಪ್ರತಿ ವರ್ಷ ನಿನ್ನನ್ನು ಬೈಯುತ್ತಿದ್ದೆ. ಈ ಸಲ ಬೈಯಲು ಯಾರೂ ಇರಲಿಲ್ಲ, ನನ್ನವೇ ಒಡೆದವು.

ಗಾಬರಿಯಾಗಬೇಡ, ಮುಗಿದುಹೋದ ಮಾತು. ಹಬ್ಬದ ಮರುದಿನ ಭಾಗಿಗೆ ಜ್ವರ ಬಂದಿತ್ತು. ಸಿಂಧನೂರಿನ ಮಕ್ಕಳ ಡಾಕ್ಟರಮ್ಮನಿಗೆ ತೋರಿಸಿದೆವು. ಐದು ದಿನ ಬೆಳಿಗ್ಗೆ ಸಂಜೆ ಕೊಡಿ ಎಂದು ಕ್ಯಾಪ್ಸೂಲು ಬರೆದುಕೊಟ್ಟಳು. ಬಹುಶಃ ನೀನು ಹೇಳಿದ್ದೇ ಇರಬೇಕು. ಎರಡು ದಿನ ಕೊಡುವಷ್ಟರಲ್ಲಿ ಜ್ವರ ಬಿಟ್ಟಿತು, ಹುಡುಗಿ ಜೋಕಾಲಿಗೆ ಓಡಿದಳು. ಜ್ವರ ಬಿಟ್ಟ ಕೂಸಿಗೆ ಔಷಧಿ ಯಾಕೆ ನುಂಗಿಸಬೇಕು? ಉಳಿದದ್ದನ್ನು ಎತ್ತಿಟ್ಟೆ.

ಅಷ್ಟರಲ್ಲಿ ಮೈಮುನಾಬಿ ಮಲಗಿದಳು, ಅದೇ ಜ್ವರ, ಅದೇ ಮೈನೋವು. ಮೊಹರಂ ದಿನ ಅವಳು ಚೋಂಗೆಯ ಸಿಹಿ ರೊಟ್ಟಿ ಹಾಕಿ ಕಳಿಸಿದ ಡಬ್ಬಿ ನಮ್ಮಲ್ಲೇ ಉಳಿದಿತ್ತು. ನನ್ನ ಜೀವಮಾನವೆಲ್ಲ ಪಾತ್ರೆ ಮಾರಿದ್ದೇನೆ, ಒಂದು ದಿನವೂ ಒಬ್ಬರ ಮನೆಗೆ ಬರಿ ಪಾತ್ರೆ ತಿರುಗಿಸಿಲ್ಲ. ನಾಲ್ಕು ಉಂಡಿ ಹಾಕಿ, ಮೇಲೆ ಉಳಿದ ಕ್ಯಾಪ್ಸೂಲುಗಳನ್ನಿಟ್ಟು ಕೊಟ್ಟುಬಂದೆ. "ಅಕ್ಕ, ಉಂಡಿ ಜೋಡಿ ದವಾನೂ ತಂದಿಯೇನ?" ಎಂದು ನನ್ನ ಕೈ ಹಿಡಿದುಕೊಂಡಳು. ಹಂಚಿ ತಿಂದರೆ ಹಸಿವಿಲ್ಲ ಎನ್ನುವುದು ಔಷಧಿಗೂ ಸಲ್ಲುತ್ತದೆ ನೋಡು. ನಿಮ್ಮ ಪ್ರಯೋಗಾಲಯದಲ್ಲಿ ಇದನ್ನೂ ಹೇಳು.

ಕಸ್ತೂರೆಮ್ಮ


ಪುಣೆ
20 ಆಗಸ್ಟ್ 2024

ಅತ್ತೆ,

ನಿಮ್ಮ ಕಾಗದ ನಿನ್ನೆ ಬಂತು. ಇದನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ನಾಳೆ ಬರೆದರೆ ನಯವಾಗಿ ಬರೆದುಬಿಡುತ್ತೇನೆಂದು ಇವತ್ತೇ ಬರೆಯುತ್ತಿದ್ದೇನೆ.

ಔಷಧಿಯನ್ನು ಹಂಚಬಾರದು. ಉಂಡಿ ಹಂಚಿ, ರೊಟ್ಟಿ ಹಂಚಿ, ಅಂಗಡಿಯನ್ನೇ ಬೇಕಾದರೆ ಹಂಚಿ, ನಾನು ಕೇಳುವುದಿಲ್ಲ. ಜ್ವರ ಇಳಿದ ಮಾತ್ರಕ್ಕೆ ಒಳಗಿನ ವೈರಸ್ಸು ಸತ್ತಿರುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಉಳಿದುಕೊಳ್ಳುವುದು ಗಟ್ಟಿಯಾದವೇ. ಔಷಧಿಯ ರುಚಿ ನೋಡಿ ಬದುಕಿದವು ಅವು. ಮಗುವಿಗೂ ಪೂರ್ತಿ ಆಗಲಿಲ್ಲ, ಮೈಮುನಾಬಿಯವರಿಗೆ ಮಕ್ಕಳ ಅಳತೆಯ ಕ್ಯಾಪ್ಸೂಲು ಸಾಲುವುದೂ ಇಲ್ಲ. ಇಬ್ಬರಿಗೂ ಅರೆಬರೆ. ಜುಲೈಯಲ್ಲಿ ನಾನು ಅಷ್ಟುದ್ದ ಬರೆದದ್ದು ಏತಕ್ಕೆ? ಓಣಿಯವರಿಗೆ ಹೇಳಿದಿರಿ, ನೀವು ಕೇಳಿಸಿಕೊಳ್ಳಲಿಲ್ಲ.

ಭಾಗಿಗೆ ಮತ್ತೆ ಮೈ ಬೆಚ್ಚಗಾದರೆ, ಉಸಿರು ಜೋರಾದರೆ, ಒಂದು ಗಳಿಗೆಯೂ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ನನಗೆ ತಿಳಿಸಿ. ಮೂರು ದಿನದಿಂದ ನಾನು ಫೋನು ಮಾಡಿದಾಗಲೆಲ್ಲ ಇವರು "ಮಲಗ್ಯಾಳ", "ಆಡಾಕ ಹೋಗ್ಯಾಳ" ಎನ್ನುತ್ತಿದ್ದಾರೆ. ಅವಳ ದನಿ ಕೇಳಿಲ್ಲ.

ರಾಜಶ್ರೀ


ಮಸ್ಕಿ
21 ಆಗಸ್ಟ್ 2024

ರಾಜಶ್ರೀ,

ನಾವೆಲ್ಲ ಆರಾಮ. ಭಾಗಿ ಆರಾಮ. ಮಳೆ ಚೆನ್ನಾಗಿದೆ. ನೀನು ನಿನ್ನ ಕೆಲಸ ನೋಡಿಕೋ.

ಕಸ್ತೂರೆಮ್ಮ


ಸಿಂಧನೂರು
21 ಆಗಸ್ಟ್ 2024

ರಾಜಶ್ರೀ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದ್ದು ಬೇರೆ, ಮೇಲೆ ಮಸ್ಕಿ ಎಂದು ಬರೆದು ಈಗಷ್ಟೇ ಆಸ್ಪತ್ರೆಯ ಎದುರಿನ ಡಬ್ಬಕ್ಕೆ ಹಾಕಿ ಬಂದೆ. ಅದರಲ್ಲಿ ಇರುವುದೆಲ್ಲ ಸುಳ್ಳು. ಮಳೆ ಮಾತ್ರ ನಿಜ.

ಭಾಗಿಗೆ ಐದು ದಿನದಿಂದ ಮತ್ತೆ ಜ್ವರ. ಭಾನುವಾರ ಇಲ್ಲಿ ಸೇರಿಸಿದೆವು. ಅದೇ ಕ್ಯಾಪ್ಸೂಲನ್ನು ಆಸ್ಪತ್ರೆಯವರೇ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದಾರೆ, ಜ್ವರ ಜಗ್ಗುತ್ತಿಲ್ಲ. ಮೂಗಿಗೆ ಆಕ್ಸಿಜನ್ನಿನ ನಳಿಕೆ ಹಾಕಿದ್ದಾರೆ. ಉಸಿರೆಳೆದರೆ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತದೆ. ನಿನ್ನೆ ಡಾಕ್ಟರಮ್ಮ ಬಂದು, "ಅಮ್ಮ, ಮೊದ್ಲ ಕೊಟ್ಟ ಗುಳಿಗಿ ಎಲ್ಲಾ ನುಂಗಿಸೀರಿಲ್ಲ?" ಎಂದು ನನ್ನ ಕಿವಿಯ ಹತ್ತಿರ ಕೂಗಿ ಕೇಳಿದಳು. ವಾರ್ಡಿನ ಮಂದಿಯೆಲ್ಲ ನನ್ನನ್ನೇ ನೋಡಿದರು. "ಎಲ್ಲಾ ಕೊಟ್ಟೀವ್ರಿ" ಎಂದುಬಿಟ್ಟೆ. ಹಂಚಿದೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ಅವಳು ಹುಬ್ಬು ಗಂಟಿಕ್ಕಿ, ಪೂರ್ತಿ ಕೊಟ್ಟೂ ಮತ್ತೆ ಬಂದಿದೆಯೆಂದರೆ ನೋಡಲೇಬೇಕು ಎಂದು ಮೂಗಿನಿಂದ ಕಡ್ಡಿಯಲ್ಲಿ ದ್ರವ ತೆಗೆದು ಎಲ್ಲಿಗೋ ಕಳಿಸಿದಳು.

ನಿನಗೆ ಹೇಳಬೇಡವೆಂದು ಸಂಗನಬಸವನಿಂದ ಆಣೆ ಮಾಡಿಸಿಕೊಂಡಿದ್ದೇನೆ. ಪಾಪ, ಫೋನು ಬಂದರೆ ಹೊರಗೆ ಹೋಗಿ ಮಾತಾಡಿ, ಕಣ್ಣು ಒರೆಸಿಕೊಂಡು ಒಳಗೆ ಬರುತ್ತಾನೆ. ಹೇಳಿದರೆ ನೀನು ಎಲ್ಲ ಬಿಟ್ಟು ಓಡಿ ಬರುತ್ತೀ, ಆ ಕೆಲಸ ಹೋಗುತ್ತದೆ. ನೀನು ಹೋಗಬಾರದಿತ್ತು ಎಂದವಳು ನಾನೇ, ನಿಜ. ಆದರೆ ಹೋದ ಮೇಲೆ ಅರ್ಧಕ್ಕೆ ಬರುವುದು ನನ್ನಿಂದ ಆಗಬಾರದು. ಭಾಗಿ ನಿದ್ದೆಯಲ್ಲಿ ಅವ್ವ ಎನ್ನುತ್ತಾಳೆ. ನಾನು ಓ ಎನ್ನುತ್ತೇನೆ. ಜ್ವರದಲ್ಲಿ ಅವಳಿಗೆ ತಿಳಿಯುವುದಿಲ್ಲ.


ಪುಣೆ
23 ಆಗಸ್ಟ್ 2024

ಅತ್ತೆ,

ಮೊನ್ನೆಯ ಸಿಟ್ಟು ಇಳಿದಿದೆ. ಇವತ್ತು ಇಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳಬೇಕು. ನಿಮಗೇ ಹೇಳುತ್ತೇನೆ.

ಗುರುವಾರದ ಪೆಟ್ಟಿಗೆಯಲ್ಲಿ ಒಂದು ಸೀಸೆ ಬಂತು. ಹೆಣ್ಣು, ಏಳು ವರ್ಷ, ಮಸ್ಕಿ ತಾಲೂಕು. ಔಷಧಿ ಕೊಟ್ಟರೂ ಜ್ವರ ಇಳಿದಿಲ್ಲ ಎಂದು ಕೆಂಪು ಚೀಟಿ ಅಂಟಿಸಿದ್ದರು. ಸಾಲಿನಲ್ಲಿ ಅದರ ಸರದಿ ಸೋಮವಾರವಿತ್ತು. ನಾನು ಮೇಲಿನವರಾದ ಭಾರತಿ ಮೇಡಂ ಹತ್ತಿರ ಹೋಗಿ ಇದನ್ನು ಇವತ್ತೇ ಹಾಕಿಕೊಳ್ಳಲೇ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು, ಯಾಕೆ ಎನ್ನಲಿಲ್ಲ, ಹಾಕಿಕೋ ಎಂದರು.

ಇನ್ನೊಬ್ಬರ ಕೈಗೆ ಕೊಡದೆ ಒಬ್ಬಳೇ ಮಾಡಿದೆ. ಒಂದು ಹನಿ ಆಚೀಚೆ ಆದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು, ಅಷ್ಟು ಹೊತ್ತು ಇರಲಿಲ್ಲ. ಇವತ್ತು ಮಧ್ಯಾಹ್ನ ಉತ್ತರ ಬಂತು. ನಾನು ಬರೆದಿದ್ದೆನಲ್ಲ, ಆಕಾರ ಬದಲಾದದ್ದು, ಅದೇ. ಆ ಕ್ಯಾಪ್ಸೂಲು ಆ ಮಗುವಿಗೆ ಕೆಲಸ ಮಾಡುವುದಿಲ್ಲ. ಆದರೆ ಬಾಯಿಂದ ಒಳಗೆಳೆದುಕೊಳ್ಳುವ ಇನ್ನೊಂದು ಔಷಧಿ, ಪುಡಿಯದು, ಇದರ ಮೇಲೆ ಕೆಲಸ ಮಾಡುತ್ತದೆ. ವರದಿ ವಾರಕ್ಕೊಮ್ಮೆ ಹೋಗುವುದು ಪದ್ಧತಿ. ಮೇಡಂ ಕಾಯದೆ ಅಲ್ಲಿನ ಡಾಕ್ಟರಿಗೆ ನೇರವಾಗಿ ಫೋನು ಮಾಡಿದರು. ಆ ಪುಡಿ ಬಳ್ಳಾರಿಯಲ್ಲಿ ಸಿಗುತ್ತದಂತೆ, ಸಂಜೆಗೆ ತರಿಸುತ್ತಾರಂತೆ.

ನಾನು ಊಟ ಮಾಡಿದೆ. ಆರಾಮಾಗಿದ್ದೇನೆ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ, ಸ್ವಲ್ಪ ಮಲಗಿ. ಇವರಿಗೂ ಹಾಗೇ ಹೇಳಿ.

ರಾಜಶ್ರೀ


ಮಸ್ಕಿ
3 ಸೆಪ್ಟೆಂಬರ್ 2024

ರಾಜಶ್ರೀ, ನನ್ನ ತಾಯಿ,

ಕೂತುಕೊಂಡು ಓದು. ಎಲ್ಲ ಮುಗಿದಿದೆ, ಒಳ್ಳೆಯದಾಗಿಯೇ ಮುಗಿದಿದೆ, ಅದನ್ನು ಮೊದಲು ತಿಳಿದುಕೋ. ಭಾಗಿ ಮನೆಗೆ ಬಂದು ಮೂರು ದಿನವಾಯಿತು. ಇವತ್ತು ಮೊಸರನ್ನ ಉಂಡು, ಇನ್ನಷ್ಟು ಬೇಕೆಂದು ಹಟಮಾಡಿ, ನನ್ನ ಕೈಯಲ್ಲಿ ಬೈಸಿಕೊಂಡಳು.

ನೀನು ಬರೆದ ಆ ಸೀಸೆ ನಿನ್ನ ಮಗಳದು.

ಅಂಚೆಗೆ ಹಾಕದೆ ಇಟ್ಟುಕೊಂಡಿದ್ದ ಕಾಗದವನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಅದನ್ನು ಓದಿ ನನ್ನನ್ನು ಎಷ್ಟು ಬೇಕಾದರೂ ಬೈ. ಆ ಶುಕ್ರವಾರ ಡಾಕ್ಟರಮ್ಮ ಓಡಿ ಬಂದು, ಪುಣೆಯಿಂದ ಫೋನು ಬಂದಿದೆ, ಔಷಧಿ ಬದಲಿಸಬೇಕು ಎಂದಾಗ ಸಂಗನಬಸವ ಗೋಡೆಗೆ ಒರಗಿ ಕುಳಿತುಬಿಟ್ಟ. "ಯವ್ವ, ನಮ್ ರಾಜಶ್ರೀ ಇರೋದೂ ಅಲ್ಲೇ" ಎಂದ. ಸಂಜೆ ಪುಡಿ ಬಂತು. ನರ್ಸು ಹೇಳಿಕೊಟ್ಟಂತೆ ಭಾಗಿ ಬಾಯಿಂದ ಎಳೆದುಕೊಂಡಳು. ಎರಡನೇ ದಿನಕ್ಕೆ ಮೈ ತಣ್ಣಗಾಯಿತು. ಆಮೇಲೆ ನಳಿಕೆ ತೆಗೆದರು. ಮಂಪರು ಬಿಟ್ಟ ಮೇಲೆ ಮೊದಲು ಕೇಳಿದ್ದು ಏನು ಗೊತ್ತೇ? "ಆಯಿ, ನೀ ಯಾಕ ಅಳಾಕತ್ತಿ?"

ನಿನ್ನ ಸಿಟ್ಟಿನ ಕಾಗದವನ್ನು ಸಂಗನಬಸವ ಮನೆಯಿಂದ ಆಸ್ಪತ್ರೆಗೆ ತಂದುಕೊಟ್ಟ. ಓದಿದ ಮೇಲೆ ನನಗೆ ಕೂರಲಾಗಲಿಲ್ಲ. ನೇರವಾಗಿ ಡಾಕ್ಟರಮ್ಮನ ಕೋಣೆಗೆ ಹೋಗಿ, "ನಾ ಸುಳ್ಳ ಹೇಳೀನ್ರಿ, ಗುಳಿಗಿ ಅರ್ಧ ಮಂದಿಗೆ ಕೊಟ್ಟೀನಿ" ಎಂದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಅಮ್ಮ, ನೀವು ಪೂರಾ ಕೊಟ್ಟೀವಿ ಅಂದದ್ದಕ್ಕ ನಾ ಸಂಶಯ ಬಂದು ಕಳಿಸಿದೆ. ಖರೇ ಹೇಳಿದ್ರ ಅದನ್ನೇ ಇನ್ನೊಂದು ವಾರ ಕೊಡ್ತಿದ್ದೆನೋ ಏನೋ" ಎಂದಳು. ನನ್ನ ಸುಳ್ಳನ್ನು ಶಿವ ಹೇಗೋ ಒಳ್ಳೆಯದಕ್ಕೆ ಹಚ್ಚಿದ. ಅದಕ್ಕೆ ನಾನು ಸಮಾಧಾನ ಪಡಲಾರೆ. ಆ ಮಗುವಿನ ಮೈಯಲ್ಲಿ ಆ ಗಟ್ಟಿ ಹುಳವನ್ನು ಹುಟ್ಟಿಸಿದವಳು ನಾನೇ ಅಲ್ಲವೇ? ಮೈಮುನಾಬಿಯ ಮೂಗಿನ ದ್ರವವನ್ನೂ ಕಳಿಸಿದ್ದಾರೆ. ಅವಳು ಎದ್ದು ಓಡಾಡುತ್ತಿದ್ದಾಳೆ, ನಾನು ಮುಖ ತೋರಿಸಿಲ್ಲ.

ನಿನಗೆ ಗೊತ್ತೇ ಇಲ್ಲದೆ ನಿನ್ನ ಮಗಳ ಜೀವವನ್ನು ನೀನೇ ಉಳಿಸಿಕೊಂಡೆ. ಹೆತ್ತವಳು ಬಿಟ್ಟುಹೋದಳು ಎಂದು ಬಂದವರ ಮುಂದೆಲ್ಲ ಹೇಳಿದವಳು ನಾನು. ಈಗ ಅದೇ ಕಟ್ಟೆಯ ಮೇಲೆ ಕುಳಿತು ಇದನ್ನು ಹೇಳುತ್ತಿದ್ದೇನೆ, ಕೊಳ್ಳಲು ಬಂದವರು ಪಾತ್ರೆ ಮರೆತು ಹೋಗುತ್ತಿದ್ದಾರೆ.

ಕಸ್ತೂರೆಮ್ಮ


ಪುಣೆ
9 ಸೆಪ್ಟೆಂಬರ್ 2024

ಅತ್ತೆ,

ನನಗೆ ಗೊತ್ತಿತ್ತು.

ಖಚಿತವಾಗಿ ಅಲ್ಲ. ಮಸ್ಕಿ ತಾಲೂಕಿನಲ್ಲಿ ಏಳು ವರ್ಷದ ಹುಡುಗಿಯರು ಬೇಕಾದಷ್ಟಿದ್ದಾರೆ. ಪಾಮನಕಲ್ಲೂರಿನ ಯಾವುದೋ ಮಗು ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಇವರ ದನಿ ನನಗೆ ಗೊತ್ತಿಲ್ಲವೇ? ಹತ್ತು ವರ್ಷದ ಸಂಸಾರದಲ್ಲಿ ಇವರಿಗೆ ಒಂದು ಸುಳ್ಳನ್ನು ಸರಿಯಾಗಿ ಹೇಳಲು ಬಂದಿಲ್ಲ. ಸೀಸೆ ಕೈಯಲ್ಲಿ ಹಿಡಿದು ತಾಲೂಕಿನ ಹೆಸರನ್ನು ಎರಡೆರಡು ಸಲ ಓದಿದೆ. ಒಂದು ಫೋನು ಮಾಡಿ, ಹೌದೋ ಅಲ್ಲವೋ ಹೇಳಿರಿ ಎಂದು ಗದರಿಸಿದ್ದರೆ ಇವರು ಹೇಳಿಬಿಡುತ್ತಿದ್ದರು. ನಾನು ಮಾಡಲಿಲ್ಲ. ಹೌದು ಎಂದಿದ್ದರೆ ಸೀಸೆಯನ್ನು ಅಲ್ಲೇ ಬಿಟ್ಟುಬಿಡುತ್ತಿದ್ದೆ. ಬಸ್ಸು ಹತ್ತಿ ಓಡಿ ಬರುತ್ತಿದ್ದೆ. ಬಂದು ಅವಳ ತಲೆ ಸವರುತ್ತಾ ಕೂರುತ್ತಿದ್ದೆ, ಸೀಸೆ ಇಲ್ಲಿ ಸೋಮವಾರದವರೆಗೆ ಐಸಿನಲ್ಲಿ ಕೂರುತ್ತಿತ್ತು. ಅದು ಬರೀ ನಂಬರಾಗಿ ಇರುವಷ್ಟು ಹೊತ್ತು ನಾನು ಕೆಲಸ ಮಾಡಬಲ್ಲೆ ಎನ್ನಿಸಿತು. ಹಾಗೇ ಇಟ್ಟುಕೊಂಡೆ.

23ರ ನನ್ನ ಕಾಗದವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ನಾನು ಭಾಗಿ ಹೇಗಿದ್ದಾಳೆ ಎಂದು ಕೇಳಿಲ್ಲ. ನೀವು ನನಗೋಸ್ಕರ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದಿರಿ, ಅದನ್ನು ಬಿಚ್ಚಲು ಮನಸ್ಸು ಬರಲಿಲ್ಲ.

ಇನ್ನು ನಿಮ್ಮ ಪಾಪದ ಮಾತು. ಇದು ಸಮಾಧಾನಕ್ಕೆ ಹೇಳುವುದಲ್ಲ, ಕೆಲಸ ಬಲ್ಲವಳಾಗಿ ಹೇಳುವುದು. ಅರ್ಧ ಕೊಟ್ಟಿದ್ದರಿಂದಲೇ ಹೀಗಾಯಿತೆಂದು ಯಾರೂ ಹೇಳಲಾರರು. ಪೂರ್ತಿ ನುಂಗಿದ ಮಕ್ಕಳಲ್ಲೂ ಕೆಲವೊಮ್ಮೆ ವೈರಸ್ಸು ಹೀಗೇ ಬದಲಾಗುತ್ತದೆ. ಔಷಧಿ ಮುಟ್ಟದವರಲ್ಲೂ ಕಂಡದ್ದಿದೆ. ಮಸ್ಕಿಯಿಂದ ಆಮೇಲೆ ಬಂದ ಸೀಸೆಗಳಲ್ಲಿ ದೊಡ್ಡವರವೂ ಇದ್ದವು, ಮೈಮುನಾಬಿಯವರದೂ ಅದರಲ್ಲೇ ಇರಬೇಕು. ಯಾವುದರಲ್ಲೂ ಬದಲಾದದ್ದು ಸಿಗಲಿಲ್ಲ. ಅವರಿಗೆ ಮುಖ ತೋರಿಸಿ. ಆದರೂ ಔಷಧಿ ಮಾತ್ರ ಹಂಚಬೇಡಿ, ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಎರಡು ದಿನದ ರಜೆ ಸಿಕ್ಕಿದೆ. ಶನಿವಾರ ಬೆಳಿಗ್ಗೆ ಲಿಂಗಸುಗೂರಿಗೆ ಬಂದಿಳಿಯುತ್ತೇನೆ. ನಾನು ಆರಾಮಾಗಿದ್ದೇನೆ ಎಂದು ಪ್ರತಿ ಕಾಗದದಲ್ಲೂ ಬರೆದೆನಲ್ಲ, ಅದು ಸುಳ್ಳು. ಬಂದ ದಿನದಿಂದ ಒಂದು ದಿನವೂ ಆರಾಮಾಗಿಲ್ಲ. ಆ ಶುಕ್ರವಾರದಿಂದ ಕಣ್ಣಿನಲ್ಲಿ ಒಂದು ಹನಿಯೂ ಬಂದಿಲ್ಲ, ಇಲ್ಲಿ ಅಳಲು ಒಂದು ಜಾಗ ಇಲ್ಲ. ನಿಮ್ಮ ಹತ್ತಿರ ಕುಳಿತು ಅಳಬೇಕು. ಅತ್ತು ಮುಗಿದ ಮೇಲೆ ನಾನು ವಾಪಸ್ಸು ಹೋಗುವುದಿಲ್ಲ ಎಂದು ಹಟ ಹಿಡಿಯುತ್ತೇನೆ. ನನ್ನನ್ನು ನಾನು ಬಲ್ಲೆ. ಇವರು ಕರಗಿ, ಇರಲಿ ಬಿಡು ಎನ್ನುತ್ತಾರೆ. ನೀವು ಕರಗಬೇಡಿ. ಭಾನುವಾರ ಸಂಜೆ ನೀವೇ ನನ್ನನ್ನು ಬಸ್ಸು ಹತ್ತಿಸಬೇಕು, ಬೈದಾದರೂ ಸರಿ.

ರಾಜಶ್ರೀ


ಮಸ್ಕಿ
16 ಸೆಪ್ಟೆಂಬರ್ 2024

ರಾಜಶ್ರೀ,

ನೀನು ಹೋಗಿ ಇನ್ನೂ ಒಂದು ದಿನವಾಗಿಲ್ಲ. ಅಂಗಡಿ ತೆರೆದು ಕುಳಿತಿದ್ದೇನೆ, ಇವತ್ತು ಶಾಲೆಗೆ ಸೂಟಿ, ಭಾಗಿ ಓಣಿಯಲ್ಲಿ ಆಡುತ್ತಿದ್ದಾಳೆ. ಮೈಮುನಾಬಿ ಬಂದು ಒಂದು ಗಂಟೆ ಕುಳಿತು ನನ್ನನ್ನು ಬೈದು ಹೋದಳು, ಅವಳಿಂದ ಮುಖ ಮರೆಸಿಕೊಂಡದ್ದಕ್ಕೆ.

ನೀನು ಹೇಳಿದ ಹಾಗೇ ಆಯಿತು. ಎರಡೂ ದಿನ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಭಾಗಿ ನಿನ್ನ ಬೆನ್ನ ಮೇಲೆ ಮಲಗಿದಳು. ಇಬ್ಬರ ಭಾರವೂ ನನ್ನ ಮೇಲೆ, ಮೊಣಕಾಲು ಇನ್ನೂ ನೋಯುತ್ತಿದೆ. ಆಮೇಲೆ ಹೋಗುವುದಿಲ್ಲ ಎಂದೆ. ಸಂಗನಬಸವ ಕರಗಿದ. ನಾನು ಕರಗಲಿಲ್ಲ ಎಂದು ನೀನು ತಿಳಿದುಕೊಂಡಿರಬೇಕು.

ಲಿಂಗಸುಗೂರಿನ ಬಸ್‌ ಸ್ಟ್ಯಾಂಡಿನಲ್ಲಿ ಅಷ್ಟು ಜನರ ನಡುವೆ ನಿನ್ನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದೆ. "ಹತ್ತ ಬೇ, ಅಲ್ಲಿ ಮಂದಿ ಮಕ್ಕಳ ಸೀಸೆ ಬಂದು ಕುಂತಾವ, ನೀ ಇಲ್ಲಿ ಅಳಕೋತ ನಿಂತೀ" ಎಂದು ಕೂಗಿದೆ. ಕಿವುಡಿಯ ದನಿ, ನಿನಗೆ ಗೊತ್ತಲ್ಲ, ಇಡೀ ಸ್ಟ್ಯಾಂಡಿಗೆ ಕೇಳಿಸಿತು. ನೀನು ಕಿಟಕಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ, ಭಾಗಿ ಕೈ ಬೀಸುತ್ತಿದ್ದಳು, ನಾನು ಬೈಯುತ್ತಲೇ ಇದ್ದೆ. ಬೈಯುವುದನ್ನು ನಿಲ್ಲಿಸಿದ್ದರೆ ನಿನ್ನನ್ನು ಇಳಿಸಿಕೊಂಡು ಮನೆಗೆ ಕರೆದುಕೊಂಡು ಬಂದುಬಿಡುತ್ತಿದ್ದೆ, ರಾಜಶ್ರೀ.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಪಕ್ಕದಲ್ಲಿದ್ದ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಏನಂದಳೆಂದು ಸಂಗನಬಸವನನ್ನು ಕೇಳಿದೆ. ಅವನು ನಗುತ್ತಾ, ಅಳುತ್ತಾ ನನ್ನ ಕಿವಿಯಲ್ಲಿ ಕೂಗಿದ: "ಪಾಪ ಆ ಸೊಸಿ, ಎಂಥಾ ಕೆಟ್ಟ ಅತ್ತಿ ಸಿಕ್ಕಾಳ ಆಕಿಗೆ, ಅಂದ್ರು ಯವ್ವ."

ಅನ್ನಲಿ ಬಿಡು.

ನಿನ್ನ
ಕಸ್ತೂರೆಮ್ಮ